ಚಂದ್ರತಾಲಕ್ಕೆ ಚಾರಣ, ದಂಡೆಯಲ್ಲಿ ಡೇರೆ: ಮಂಡ್ಯದಿಂದ ಐವರು ಹೊರಡಲಿದ್ದೇವೆ, ನಮ್ಮ ಯೋಜನೆಯನ್ನು ಪರಿಶೀಲಿಸಿ ಹೇಳಿ

ಸಕ್ಕರೆನಾಡಿನವ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿ ಜಿಲ್ಲೆಯಲ್ಲಿರುವ ಚಂದ್ರತಾಲ ಸರೋವರಕ್ಕೆ ಹೋಗಿ, ಅದರ ದಂಡೆಯಲ್ಲಿ ಡೇರೆ ಹಾಕಿಕೊಂಡು ಎರಡು ರಾತ್ರಿ ಕಳೆಯಬೇಕೆಂದು ನಾವು ಐದು ಮಂದಿ ನಿಶ್ಚಯಿಸಿದ್ದೇವೆ. ನಾನು, ನನ್ನ ಪತ್ನಿ, ನಮ್ಮ ಕಾಲೇಜಿನ ಇಬ್ಬರು ಸಹೋದ್ಯೋಗಿಗಳು, ಇವರೊಂದಿಗೆ ನನ್ನ ಅಕ್ಕನ ಯಜಮಾನರು. ಭಾವನವರಿಗೆ ಅರವತ್ತು ಸಮೀಪಿಸಿದೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಆದರೆ ದಿನವೂ ನಸುಕಿನಲ್ಲಿ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ನಡೆಯುವ ಅಭ್ಯಾಸವಿರುವುದರಿಂದ ನಡಿಗೆಯಲ್ಲಿ ನಮ್ಮೆಲ್ಲರಿಗಿಂತ ಅವರೇ ಮುಂದು.

ರಜೆಯ ಅನುಕೂಲ ನೋಡಿಕೊಂಡು ದಸರೆಯ ಸಮಯವನ್ನು ಆರಿಸಿದ್ದೇವೆ. ಈ ಸಲ ಹಬ್ಬವು ಅಕ್ಟೋಬರ್ ಮೂರನೆಯ ವಾರಕ್ಕೆ ಬರುತ್ತದೆ. ಬೆಂಗಳೂರಿನಿಂದ ದೆಹಲಿಗೆ ವಿಮಾನ, ಅಲ್ಲಿಂದ ರಾತ್ರಿಯ ಬಸ್ಸಿನಲ್ಲಿ ಮನಾಲಿ, ಮನಾಲಿಯಲ್ಲಿ ಸ್ನಾನ ತಿಂಡಿ ಮುಗಿಸಿ ಅಟಲ್ ಸುರಂಗದ ಮೂಲಕ ಟ್ಯಾಕ್ಸಿಯಲ್ಲಿ ಹೊರಟರೆ ಅದೇ ಸಂಜೆಗೆ ಸರೋವರವನ್ನು ಸೇರಬಹುದೆಂಬುದು ನಮ್ಮ ಲೆಕ್ಕಾಚಾರ. ಡೇರೆ ನಮ್ಮದೇ ಇದೆ, ಸಣ್ಣ ಗ್ಯಾಸ್ ಒಲೆಯೂ ಇದೆ. ಹಂಪ್ತಾ ಪಾಸ್ ದಾಟಿ ಕಾಲ್ನಡಿಗೆಯಲ್ಲಿ ಹೋಗುವ ಹಾದಿಯೊಂದಿದೆ ಎಂದು ಕೇಳಿದ್ದೇವಾದರೂ, ಅದಕ್ಕೆ ಹೆಚ್ಚು ದಿನ ಬೇಕಾಗುತ್ತದೆಂದು ಸದ್ಯಕ್ಕೆ ಕೈಬಿಟ್ಟಿದ್ದೇವೆ. ಸರೋವರದ ಸುತ್ತ ಒಂದು ದಿನ ಅಡ್ಡಾಡಿದರೆ ಚಾರಣದ ಆಸೆಯೂ ತೀರುತ್ತದೆ ಎಂದುಕೊಂಡಿದ್ದೇವೆ.

ಈ ಯೋಜನೆಯಲ್ಲಿ ತಿದ್ದುಪಡಿ ಬೇಕಿದ್ದರೆ ದಯವಿಟ್ಟು ತಿಳಿಸಬೇಕು. ಭಾವನವರನ್ನು ಕರೆದೊಯ್ಯುವ ವಿಷಯದಲ್ಲಿ ಮನೆಯಲ್ಲಿ ಅಕ್ಕನಿಗೆ ಸಮಾಧಾನವಿಲ್ಲ. ಆ ಕುರಿತು ವಿಶೇಷವಾಗಿ ಅನುಭವಸ್ಥರ ಅಭಿಪ್ರಾಯವನ್ನು ಕೋರುತ್ತೇನೆ.

ಕುಂತಿಬೆಟ್ಟ, ಪಾಂಡವಪುರ

ನಮಸ್ಕಾರ ಸರ್. ನಿಮ್ಮ ಯೋಜನೆಯಲ್ಲಿ ಸಾಮಾನು, ಪ್ರಯಾಣ ಇತ್ಯಾದಿಗಳನ್ನು ಹೇಗೋ ಸರಿಪಡಿಸಿಕೊಳ್ಳಬಹುದು, ಆದರೆ ಮೊದಲ ರಾತ್ರಿಯೇ ಸರೋವರದ ಬಳಿ ಮಲಗುವುದೆಂಬ ಭಾಗವನ್ನು ಪೂರ್ತಿಯಾಗಿ ತೆಗೆದುಹಾಕಬೇಕು. ಮಂಡ್ಯ ಸಮುದ್ರಮಟ್ಟದಿಂದ ಏಳುನೂರು ಮೀಟರನ್ನೂ ಮುಟ್ಟದ ಊರು. ನಮ್ಮ ರಾಜ್ಯದಲ್ಲೇ ಅತಿ ಎತ್ತರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಮನಾಲಿ ಪಟ್ಟಣವೇ ಅದಕ್ಕಿಂತ ಎತ್ತರದಲ್ಲಿದೆ. ಚಂದ್ರತಾಲವಿರುವುದು ಸುಮಾರು 4,250 ಮೀಟರ್ ಎತ್ತರದಲ್ಲಿ. ಬೆಳಿಗ್ಗೆ 2,050 ಮೀಟರಿನಲ್ಲಿ ತಿಂಡಿ ತಿಂದು, ರಾತ್ರಿ ಅದರ ಎರಡರಷ್ಟು ಎತ್ತರದಲ್ಲಿ ಮಲಗಿದರೆ, ದಾರಿಯುದ್ದಕ್ಕೂ ಕಾರಿನಲ್ಲಿ ಆರಾಮವಾಗಿ ಕುಳಿತು ಬಂದಿದ್ದೆವೆಂಬ ಕಾರಣಕ್ಕೆ ದೇಹವೇನೂ ರಿಯಾಯಿತಿ ಕೊಡುವುದಿಲ್ಲ. ಅಟಲ್ ಸುರಂಗವು 2020ರ ಅಕ್ಟೋಬರಿನಲ್ಲಿ ತೆರೆದ ಮೇಲೆ ಈ ಪ್ರಯಾಣ ಸುಲಭವಾಯಿತು ನಿಜ, ಆದರೆ ಅದೇ ಸೌಲಭ್ಯದಿಂದಾಗಿ ಎತ್ತರಕ್ಕೆ ಹೊಂದಿಕೊಳ್ಳಲು ಮೊದಲು ತಾನಾಗಿಯೇ ಸಿಗುತ್ತಿದ್ದ ಅಷ್ಟಿಷ್ಟು ಸಮಯವೂ ಇಲ್ಲದಂತಾಯಿತು.

ಆದ್ದರಿಂದ ನೀವು ಹೆಚ್ಚು ದಿನ ಹಿಡಿಯುತ್ತದೆಂದು ಕೈಬಿಟ್ಟ ಹಂಪ್ತಾ ಹಾದಿಯನ್ನೇ ಮರಳಿ ಪರಿಗಣಿಸಬೇಕೆಂದು ನನ್ನ ಸಲಹೆ. ಹೆಚ್ಚು ದಿನ ಹಿಡಿಯುವುದೇ ಅದರ ಗುಣ. ಮನಾಲಿಯಿಂದ ಜೋಬ್ರಾವರೆಗೆ ತಿರುವುಗಳ ಘಟ್ಟದ ರಸ್ತೆಯಲ್ಲಿ ವಾಹನ ಹೋಗುತ್ತದೆ. ಅಲ್ಲಿಂದ ಮೇಪಲ್ ಮತ್ತು ಬರ್ಚ್ ಮರಗಳ ನಡುವೆ ಕೆಲವೇ ಗಂಟೆ ನಡೆದರೆ ಚಿಕಾ ಎಂಬ ಬಯಲು ಸಿಗುತ್ತದೆ. ಎತ್ತರ ಸುಮಾರು 3,100 ಮೀಟರ್. ಮರುದಿನ ಸುಮಾರು 3,600 ಮೀಟರಿನ ಬಾಲು ಕಾ ಘೇರಾ. ಅದರ ಮರುದಿನದ್ದೇ ನಿಜವಾದ ಪರೀಕ್ಷೆ: ಸುಮಾರು 4,270 ಮೀಟರ್ ಎತ್ತರದ ಪಾಸನ್ನು ಏರಿ, ಆ ಬದಿಯ ಕಡಿದಾದ ಇಳಿಜಾರಿನಲ್ಲಿ ಶಿಯಾ ಗೋರುವಿಗೆ ಇಳಿಯುವುದು. ಬೆಳಕು ಹರಿಯುವ ಹೊತ್ತಿಗೆ ಹೊರಟರೂ ಡೇರೆ ಸೇರುವಾಗ ಮಧ್ಯಾಹ್ನ ಕಳೆದು ಬಹಳ ಹೊತ್ತಾಗಿರುತ್ತದೆ, ಮಂಡಿಗಳ ದೃಢತೆ ತಿಳಿಯುವುದು ಏರುವಾಗ ಅಲ್ಲ, ಈ ಇಳಿಜಾರಿನಲ್ಲಿ. ಮುಂದಿನ ದಿನ ಛತ್ರುವಿಗೆ ಇಳಿಯುತ್ತೀರಿ, ಅದು ಸುಮಾರು 3,350 ಮೀಟರ್. ಛತ್ರುವಿನಿಂದ ಬಾತಲ್ ಮೂಲಕ ಚಂದ್ರತಾಲಕ್ಕೆ ವಾಹನ. ಇಷ್ಟು ಹೊತ್ತಿಗೆ ನಿಮ್ಮ ದೇಹ ಒಮ್ಮೆ ಸರೋವರದಷ್ಟೇ ಎತ್ತರವನ್ನು ಮುಟ್ಟಿ, ಕೆಳಗಿಳಿದು, ಚೇತರಿಸಿಕೊಂಡಿರುತ್ತದೆ.

ಈ ಹಾದಿಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಪಾಸ್ ದಾಟಿದ ಕೂಡಲೇ ಕಾಣುವ ಬದಲಾವಣೆ. ಹಿಂದೆ ಕುಲ್ಲು ಕಣಿವೆಯ ಹಸಿರು, ಹುಲ್ಲುಗಾವಲು, ಬೇಸಿಗೆಯಲ್ಲಿ ಇದೇ ಪಾಸಿನ ಮೇಲೆ ಲಾಹೌಲಿಗೆ ಕುರಿ ಹೊಡೆದುಕೊಂಡು ಹೋಗುವ ಗದ್ದಿ ಕುರುಬರು. ಮುಂದೆ ಮಳೆ ನೆರಳಿನ ಲಾಹೌಲಿನ ಬೂದು ಬಣ್ಣದ ಬೋಳು ಪರ್ವತಗಳು. ಮುಂಗಾರು ಮೋಡಗಳಲ್ಲಿ ಹೆಚ್ಚಿನವು ಈ ಬದಿಯಲ್ಲೇ ಬರಿದಾಗುವುದರಿಂದ ಒಂದೇ ದಿನದ ನಡಿಗೆಯಲ್ಲಿ ಎರಡು ಬೇರೆ ಬೇರೆ ನಾಡುಗಳನ್ನು ನೋಡಿದಂತಾಗುತ್ತದೆ. ಕಾರಿನಲ್ಲಿ ಸುರಂಗದೊಳಗೆ ನುಗ್ಗಿ ಆಚೆ ಬದಿಗೆ ಹೊರಬಂದವರಿಗೂ ಇದೇ ಬದಲಾವಣೆ ಕಾಣುತ್ತದೆ, ಆದರೆ ಹತ್ತು ನಿಮಿಷದಲ್ಲಿ ಕಂಡದ್ದು ಮನಸ್ಸಿನಲ್ಲಿ ನಿಲ್ಲುವುದು ಕಡಿಮೆ.

ಋತುವಿನ ವಿಷಯ. ಅಕ್ಟೋಬರ್ ಮೂರನೆಯ ವಾರ ಬೇಡ. ಆ ವೇಳೆಗೆ ಸರೋವರದ ಶಿಬಿರಗಳವರು ಸಾಮಾನ್ಯವಾಗಿ ಗಂಟುಮೂಟೆ ಕಟ್ಟಿ ಕೆಳಗಿಳಿದಿರುತ್ತಾರೆ, ಒಂದು ಹಿಮಪಾತವಾದರೂ ಬಾತಲ್‌ನಿಂದ ಮೇಲಿನ ರಸ್ತೆ ಮುಚ್ಚಿಹೋಗುತ್ತದೆ. ಜೊತೆಗೆ ಇನ್ನೊಂದು ತೊಡಕು: ನಮ್ಮ ಮೈಸೂರು ದಸರೆ ಮುಗಿಯುವ ವಿಜಯದಶಮಿಯಂದೇ ಕುಲ್ಲು ದಸರೆ ಆರಂಭವಾಗಿ ಒಂದು ವಾರ ನಡೆಯುತ್ತದೆ. ಜಂಬೂಸವಾರಿಯ ಜನಜಂಗುಳಿಯಿಂದ ತಪ್ಪಿಸಿಕೊಂಡು ಹೊರಟವರು ನೇರವಾಗಿ ಇನ್ನೊಂದು ದಸರೆಯ ಜಂಗುಳಿಯಲ್ಲಿ ಇಳಿಯುತ್ತೀರಿ, ಬಸ್ಸು ಕೊಠಡಿಗಳೆಲ್ಲ ತುಂಬಿರುತ್ತವೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹಂಪ್ತಾ ಬದಿ ಹಸಿರಾಗಿರುತ್ತದೆ, ಆದರೆ ಮಂಡಿ-ಕುಲ್ಲು ಹೆದ್ದಾರಿಯಲ್ಲಿ ಗುಡ್ಡ ಕುಸಿಯುವುದೂ ಆಗಲೇ. 2023ರ ಜುಲೈಯಲ್ಲಿ ಆ ರಾಜ್ಯದಲ್ಲಿ ಭಾರಿ ಪ್ರವಾಹವಾದಾಗ ಮೇಲೆ ಚಂದ್ರತಾಲದಲ್ಲಿ ಹಿಮ ಬಿದ್ದು ಸುಮಾರು ಮುನ್ನೂರು ಮಂದಿ ಪ್ರವಾಸಿಗರು ಶಿಬಿರಗಳಲ್ಲಿ ದಿನಗಟ್ಟಲೆ ಸಿಕ್ಕಿಬಿದ್ದಿದ್ದರು. ಅಸ್ವಸ್ಥರಾದ ಕೆಲವರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಿ, ಉಳಿದವರನ್ನು ಕುಂಜುಮ್ ಪಾಸಿನ ಹಿಮವನ್ನು ಯಂತ್ರಗಳಿಂದ ತೆರವು ಮಾಡಿ ಹೊರತರಬೇಕಾಯಿತು. ಹಾಗಾಗಿ ಗೌರಿ-ಗಣೇಶ ಹಬ್ಬ ಮುಗಿಸಿಕೊಂಡು ಸೆಪ್ಟೆಂಬರ್ ಉತ್ತರಾರ್ಧದಲ್ಲಿ ಹೊರಡುವುದು ಎಲ್ಲಕ್ಕಿಂತ ಉತ್ತಮ. ಮಳೆ ಹಿಂದೆ ಸರಿಯುತ್ತಿರುತ್ತದೆ, ಆಕಾಶ ಶುಭ್ರವಾಗಿರುತ್ತದೆ. ರಾತ್ರಿಯ ಚಳಿ ಮಾತ್ರ ಆಗಲೇ ಶೂನ್ಯಕ್ಕಿಂತ ಕೆಳಗೆ ಇಳಿಯುತ್ತಿರುತ್ತದೆ.

ರಸ್ತೆಯ ಬಗ್ಗೆ ಒಂದು ಮಾತು. ಗ್ರಾಂಫುವಿನಿಂದ ಬಾತಲ್ ಕಡೆಗೆ ಹೋಗುವ ದಾರಿಯನ್ನು ಕಾಗದದ ಮೇಲೆ ರಾಷ್ಟ್ರೀಯ ಹೆದ್ದಾರಿ 505 ಎಂದು ಕರೆದರೂ, ಅದರ ಬಹುಭಾಗ ಕಲ್ಲುಗುಂಡುಗಳ ಹಾದಿ. ಅಡ್ಡಲಾಗಿ ಹರಿಯುವ ಹಳ್ಳಗಳನ್ನು ಅಲ್ಲಿ ನಾಲಾ ಎನ್ನುತ್ತಾರೆ. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ ಮಧ್ಯಾಹ್ನದ ನಂತರ ಅವುಗಳಲ್ಲಿ ನೀರು ಉಕ್ಕುತ್ತದೆ. ಬೆಳಿಗ್ಗೆ ಚಕ್ರ ಮುಳುಗದಷ್ಟಿದ್ದ ಹಳ್ಳ ಸಂಜೆಗೆ ಗಾಡಿಯನ್ನು ನಿಲ್ಲಿಸಿಬಿಡಬಲ್ಲದು. ಛತ್ರುವಿನಿಂದ ಹೊರಡುವುದನ್ನು ಬೆಳಿಗ್ಗೆಗೇ ಇಟ್ಟುಕೊಳ್ಳಿ. ಮನಾಲಿ ಬಿಟ್ಟ ಮೇಲೆ ಈ ಹಾದಿಯಲ್ಲಿ ಎಟಿಎಂ ಇಲ್ಲ, ಬಾತಲ್ ಮತ್ತು ಸರೋವರದ ಬಳಿ ಮೊಬೈಲನ್ನು ನಂಬಿಕೊಳ್ಳುವಂತಿಲ್ಲ. ರೋಹ್ತಾಂಗ್ ಪಾಸಿನ ಮೇಲೆ ಹೋಗುವವರಿಗೆ ಬೇಕಾಗುವ ಪರವಾನಗಿ ಸುರಂಗದ ಮೂಲಕ ಹೋಗುವವರಿಗೆ ಬೇಕಿಲ್ಲ.

ಕೊನೆಗೆ, ನಮ್ಮೂರಿನವನಾಗಿ ಹೇಳದಿರಲಾರೆ. ಪಾಂಡವರು ವನವಾಸದ ಕಾಲದಲ್ಲಿ ನಮ್ಮ ಕುಂತಿಬೆಟ್ಟದಲ್ಲಿ ಇದ್ದರೆಂದು ಇಲ್ಲಿಯ ಜನ ನಂಬಿದರೆ, ಧರ್ಮರಾಯನನ್ನು ಇಂದ್ರನ ರಥ ಸ್ವರ್ಗಕ್ಕೆ ಕರೆದೊಯ್ದದ್ದು ಚಂದ್ರತಾಲದಿಂದ ಎಂದು ಅಲ್ಲಿಯವರು ನಂಬುತ್ತಾರೆ. ಅವರೂ ಅಷ್ಟು ದೂರ ನಡೆದೇ ಹೋದರೆಂಬುದನ್ನು ನಿಮ್ಮ ಸಹೋದ್ಯೋಗಿಗಳ ಗಮನಕ್ಕೆ ತನ್ನಿ.

ವೈದ್ಯೆ, ಸರಸ್ವತಿಪುರಂ, ಮೈಸೂರು

ಕುಂತಿಬೆಟ್ಟದವರ ಮಾತನ್ನು ವೈದ್ಯಕೀಯ ದೃಷ್ಟಿಯಿಂದ ಸ್ವಲ್ಪ ವಿಸ್ತರಿಸುತ್ತೇನೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯೂ ಒಂದೇ ಇದ್ದರೂ, ಮೇಲೇರಿದಂತೆ ಗಾಳಿಯ ಒತ್ತಡವೇ ಇಳಿಯುವುದರಿಂದ, ಚಂದ್ರತಾಲದ ಎತ್ತರದಲ್ಲಿ ಪ್ರತಿ ಉಸಿರಿಗೂ ಸಮುದ್ರಮಟ್ಟದಲ್ಲಿ ದೊರೆಯುವುದರ ಸುಮಾರು ಶೇಕಡಾ 60ರಷ್ಟು ಆಮ್ಲಜನಕ ಮಾತ್ರ ಸಿಗುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ಅದಕ್ಕೆ ದಿನಗಳು ಬೇಕು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ತಂಗಬೇಕು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಸೂತ್ರ. ಹಗಲು ಎಷ್ಟು ಎತ್ತರ ಹತ್ತಿದಿರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎಂಬುದು ಮುಖ್ಯ. ಈ ಸೂತ್ರದ ಪ್ರಕಾರ ನೋಡಿದರೆ ಮೇಲೆ ಹೇಳಿದ ಹಾದಿಯೂ ಪೂರ್ತಿ ನಿರ್ದೋಷವಲ್ಲ, ಏಕೆಂದರೆ ಮನಾಲಿಯಿಂದ ಚಿಕಾಗೆ ಒಂದೇ ನೆಗೆತ. ಆದ್ದರಿಂದ ಮನಾಲಿಯಲ್ಲಿ ಎರಡು ರಾತ್ರಿ ಕಳೆದೇ ಹೊರಡಿ.

ಭಾವನವರ ವಿಷಯ. ದೇಹ ಹೀಗೆ ಹೊಂದಿಕೊಳ್ಳದಿದ್ದಾಗ ಬರುವ ಎತ್ತರದ ಕಾಯಿಲೆಗೆ ವಯಸ್ಸೊಂದೇ ಕಾರಣವಾಗುವುದಿಲ್ಲ. ಚೆನ್ನಾಗಿ ವ್ಯಾಯಾಮ ಮಾಡಿದ ತರುಣರು ಅವಸರದಿಂದ ಏರಿ ಮಲಗಿಬಿಡುವುದು, ನಿಧಾನವಾಗಿ ನಡೆಯುವ ಹಿರಿಯರು ಏನೂ ಆಗದೆ ಇಳಿದು ಬರುವುದು ಎರಡೂ ಸಾಮಾನ್ಯ. ನಾಲೆ ಏರಿಯ ನಡಿಗೆ ಅವರ ಕಾಲು, ಹೃದಯಗಳಿಗೆ ಒಳ್ಳೆಯದೇ, ಆದರೆ ಎತ್ತರದ ಕಾಯಿಲೆಯಿಂದ ಅದು ರಕ್ಷಣೆ ಕೊಡುವುದಿಲ್ಲ. ಹತೋಟಿಯಲ್ಲಿರುವ ರಕ್ತದೊತ್ತಡ ಅವರನ್ನು ತಡೆಯಬೇಕಾದ ಕಾರಣವಲ್ಲ. ಹತೋಟಿಯಲ್ಲಿಲ್ಲದಿದ್ದರೆ, ಅಥವಾ ನಡೆಯುವಾಗ ಎದೆಯಲ್ಲಿ ಬಿಗಿತ ಬರುವಂತಿದ್ದರೆ, ಹೋಗಕೂಡದು. ಹೊರಡುವ ಒಂದು ತಿಂಗಳು ಮುಂಚೆ ಅವರು ತಮ್ಮ ವೈದ್ಯರನ್ನು ಕಂಡು ಹೃದಯದ ಪರೀಕ್ಷೆ ಮಾಡಿಸಿಕೊಳ್ಳಲಿ, ಈಗಿನ ಮಾತ್ರೆ ಯಾವುದು, ಅದು ಮೂತ್ರವರ್ಧಕವೇ ಎಂಬುದನ್ನು ಚರ್ಚಿಸಲಿ, ಮಾತ್ರೆಯನ್ನು ಯಾವ ಕಾರಣಕ್ಕೂ ದಾರಿಯಲ್ಲಿ ನಿಲ್ಲಿಸದಿರಲಿ.

ತಡೆಗೆ ಅಸೆಟಜೋಲಮೈಡ್ ಎಂಬ ಮಾತ್ರೆಯಿದೆ; ಡಯಾಮಾಕ್ಸ್ ಎಂದರೆ ಅಂಗಡಿಯವರಿಗೆ ಬೇಗ ತಿಳಿಯುತ್ತದೆ. ವಯಸ್ಕರಿಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ, ಎತ್ತರಕ್ಕೆ ಏರುವ ಹಿಂದಿನ ದಿನದಿಂದ ಕೊಡುತ್ತಾರೆ. ಸಲ್ಫಾ ಔಷಧಗಳ ಅಲರ್ಜಿ ಇರುವವರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಬೆರಳ ತುದಿ ಜುಮುಗುಡುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಇದರ ಸಾಮಾನ್ಯ ಪರಿಣಾಮಗಳು, ಗಾಬರಿ ಬೇಡ. ಮದ್ಯ ಮತ್ತು ನಿದ್ರೆ ಮಾತ್ರೆ ಎರಡನ್ನೂ ದೂರವಿಡಿ.

ಎತ್ತರದಲ್ಲಿ ತಲೆನೋವಿನ ಜೊತೆಗೆ ವಾಕರಿಕೆ, ಸುಸ್ತು, ತಲೆಸುತ್ತುಗಳಲ್ಲಿ ಒಂದಾದರೂ ಸೇರಿದರೆ, ಬೇರೆ ಕಾರಣ ಸಾಬೀತಾಗುವವರೆಗೂ ಅದನ್ನು ಎತ್ತರದ ಕಾಯಿಲೆ ಎಂದೇ ತಿಳಿದು ಅಲ್ಲೇ ನಿಲ್ಲಬೇಕು, ಮೇಲೇರಬಾರದು. ನೇರ ಗೆರೆಯ ಮೇಲೆ ಹೆಜ್ಜೆ ಇಡಲಾಗದೆ ತೂರಾಡಿದರೆ ಮೆದುಳು ಊದಿಕೊಳ್ಳುತ್ತಿದೆ ಎಂದೂ, ಸುಮ್ಮನೆ ಕುಳಿತಿದ್ದಾಗಲೂ ಏದುಸಿರು, ಬಿಡದ ಕೆಮ್ಮು ಕಂಡರೆ ಶ್ವಾಸಕೋಶದಲ್ಲಿ ನೀರು ಸೇರುತ್ತಿದೆ ಎಂದೂ ಭಾವಿಸಿ, ರಾತ್ರಿಯಾಗಿದ್ದರೂ ಕೆಳಗಿಳಿಸಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರಿನ ಅಂಕಿ ಚೆನ್ನಾಗಿದೆಯೆಂದು ಈ ಲಕ್ಷಣಗಳನ್ನು ಕಡೆಗಣಿಸುವುದು ಅಪಾಯಕಾರಿ.

ಇಳಿಸುವುದು ಯಾವ ಕಡೆಗೆ ಎಂಬುದನ್ನು ಮನೆಯಲ್ಲೇ ನಕ್ಷೆ ನೋಡಿ ನಿರ್ಧರಿಸಿಕೊಳ್ಳಿ. ಆಸ್ಪತ್ರೆ ಕಾಜಾದಲ್ಲೂ ಇದೆ, ಕೇಲಾಂಗಿನಲ್ಲೂ ಇದೆ. ಆದರೆ ಚಂದ್ರತಾಲದಿಂದ ಕಾಜಾಕ್ಕೆ ಹೋಗಬೇಕಾದರೆ 4,500 ಮೀಟರಿಗೂ ಮಿಗಿಲಾದ ಕುಂಜುಮ್ ಪಾಸನ್ನು ಹತ್ತಿ ಇಳಿಯಬೇಕು. ಎತ್ತರದಿಂದಲೇ ನರಳುತ್ತಿರುವವರನ್ನು ಇನ್ನೂ ಎತ್ತರಕ್ಕೆ ಒಯ್ಯುವುದು ಸಲ್ಲದು. ಬಾತಲ್ ಸಾಲದು, ಅದೂ ನಾಲ್ಕು ಸಾವಿರ ಮೀಟರಿನ ಆಸುಪಾಸಿನಲ್ಲಿದೆ. ಛತ್ರು ದಾಟಿ ಸಿಸ್ಸು, ಕೇಲಾಂಗ್ ಕಡೆಗೇ ನಡೆಯಿರಿ. ಗಾಡಿಯ ಚಾಲಕರಿಗೆ ಇದನ್ನು ಮೊದಲೇ ಹೇಳಿಟ್ಟು, ಆ ರಾತ್ರಿ ಅವರು ಗಾಡಿಯೊಂದಿಗೆ ಶಿಬಿರದಲ್ಲೇ ಇರುವಂತೆ ಒಪ್ಪಿಸಿಕೊಳ್ಳಬೇಕು.

ಸಕ್ಕರೆನಾಡಿನವ, ಮಂಡ್ಯ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಮೇಡಂ ಅವರ ಉತ್ತರವನ್ನು ಅಕ್ಕನಿಗೆ ಓದಿ ಹೇಳಿದೆ. ಆಸ್ಪತ್ರೆಯ ಮಾತು ಬಂದಲ್ಲಿ ನಿಲ್ಲಿಸಿ ಮತ್ತೊಮ್ಮೆ ಓದಿಸಿದರು. ಸೆಪ್ಟೆಂಬರಿಗೆ ಗಳಿಕೆ ರಜೆ ಹಾಕುವುದೆಂದು ನಾವು ಮೂವರೂ ಒಪ್ಪಿದ್ದೇವೆ. ಭಾವನವರು ಪಾಸ್ ದಾಟದೆ, ರಸ್ತೆಯಲ್ಲೇ ಬಂದು ಸರೋವರವನ್ನು ನೋಡಿ ಹಿಂದಿರುಗಬಹುದೇ? ನಮ್ಮದೇ ಡೇರೆಯನ್ನು ಇಲ್ಲಿಂದ ಹೊತ್ತೊಯ್ಯುವುದು ಸರಿಯೇ? ಅಡುಗೆಗೆ ಏನು ಮಾಡಬೇಕು? ನಮ್ಮ ಕಡೆಯ ಯಾವ ಬೆಟ್ಟದಲ್ಲಿ ಅಭ್ಯಾಸ ಮಾಡಿದರೆ ಪ್ರಯೋಜನವಾದೀತು?

ಹಕ್ಕಿನೋಟ, ಶ್ರೀರಂಗಪಟ್ಟಣ

ಡೇರೆಯ ವಿಷಯಕ್ಕೆ ಮೊದಲು ಬರುತ್ತೇನೆ, ಏಕೆಂದರೆ ಶೀರ್ಷಿಕೆಯಲ್ಲೇ ತಕರಾರಿದೆ. ಚಂದ್ರತಾಲದ ದಂಡೆಯಲ್ಲಿ ಡೇರೆ ಹಾಕುವಂತಿಲ್ಲ. ಮಹತ್ವದ ಜೌಗುಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸಾರ್ ಮಾನ್ಯತೆ ನಮ್ಮ ರಂಗನತಿಟ್ಟಿಗೆ 2022ರಲ್ಲಿ ದೊರೆತರೆ, ಈ ಸರೋವರಕ್ಕೆ 2005ರಲ್ಲೇ ದೊರೆತಿದೆ. ರಾಮ್ಸಾರ್ ಪಟ್ಟಿಯಲ್ಲಿ ಅದರ ವಿಸ್ತೀರ್ಣ ಬರೀ 49 ಹೆಕ್ಟೇರ್. ಬೇಸಿಗೆಯ ಮೂರು ನಾಲ್ಕು ತಿಂಗಳಲ್ಲಿ ಬಂದುಹೋಗುವ ಜನರ ಸೋಪು, ಎಂಜಲು, ಮಲಮೂತ್ರಗಳನ್ನು ಅರಗಿಸಿಕೊಳ್ಳುವ ಶಕ್ತಿ ಅಷ್ಟು ತಣ್ಣಗಿನ, ಅಷ್ಟು ಚಿಕ್ಕ ನೀರಿಗೆ ಇಲ್ಲ. ಆದ್ದರಿಂದ ಶಿಬಿರಗಳೆಲ್ಲವೂ ಸರೋವರಕ್ಕೆ ಕೆಲವು ಕಿಲೋಮೀಟರ್ ಮೊದಲೇ ಇರುವ ಬಯಲಿನಲ್ಲಿವೆ, ವಾಹನವೂ ದಂಡೆಯವರೆಗೆ ಹೋಗುವುದಿಲ್ಲ, ಕೊನೆಯ ದೂರವನ್ನು ಎಲ್ಲರೂ ನಡೆದೇ ಕ್ರಮಿಸಬೇಕು. ಇದನ್ನು ಅನನುಕೂಲವೆಂದು ಭಾವಿಸಬೇಡಿ. ಹನ್ನೊಂದು ಗಂಟೆಗೆ ಗಾಡಿಗಳು ಬಂದು ಸೇರುವ ಮೊದಲು, ಸೂರ್ಯೋದಯದ ಹೊತ್ತಿಗೆ ಶಿಬಿರದಿಂದ ನಡೆದು ಹೋದರೆ ಗಾಳಿಯಿಲ್ಲದ ನೀರಿನಲ್ಲಿ ಎದುರಿನ ಪರ್ವತಗಳ ಪ್ರತಿಬಿಂಬ ಕಾಣುತ್ತದೆ, ಅದೃಷ್ಟವಿದ್ದರೆ ಕೇಸರಿ ಬಣ್ಣದ ಬ್ರಾಹ್ಮಿಣಿ ಬಾತುಗಳೂ ಕಾಣುತ್ತವೆ. ನೀರಿಗಿಳಿದು ಸ್ನಾನ ಮಾಡುವುದು, ಪಾತ್ರೆ ತೊಳೆಯುವುದು ಬೇಡ. ಪುಣ್ಯಸ್ನಾನದ ಆಸೆಯಿದ್ದರೆ ನಮ್ಮ ಪಶ್ಚಿಮವಾಹಿನಿಯಲ್ಲಿ ಮಾಡಿಕೊಂಡೇ ಹೊರಡಿ.

ಡೇರೆಯವ, ಕುವೆಂಪುನಗರ, ಮೈಸೂರು

ಸ್ವಂತ ಡೇರೆ ಒಯ್ಯಬಹುದು, ಆದರೆ ಅದು ನೆಲಕ್ಕೆ ಗೂಟ ಹೊಡೆಯದೆಯೂ ತಾನೇ ನಿಲ್ಲುವಂಥದ್ದಾಗಿರಬೇಕು. ಅಲ್ಲಿಯ ನೆಲ ಕಲ್ಲು. ಗೂಟ ಇಳಿಯುವುದಿಲ್ಲ, ಹಗ್ಗಗಳನ್ನು ದೊಡ್ಡ ಕಲ್ಲುಗಳಿಗೆ ಕಟ್ಟಬೇಕಾಗುತ್ತದೆ. ಮಧ್ಯಾಹ್ನದ ನಂತರ ಬೀಸುವ ಗಾಳಿಗೆ, ತೋಟದಲ್ಲಿ ಒಂದು ರಾತ್ರಿ ಕಳೆಯಲು ಕೊಂಡ ಅಗ್ಗದ ಡೇರೆಗಳು ನಿಲ್ಲುವುದಿಲ್ಲ. ಹಂಪ್ತಾ ಹಾದಿಯಲ್ಲಿ ಮಾರ್ಗದರ್ಶಕರು, ಅಡುಗೆಯವರು, ಸಾಮಾನು ಹೊರುವ ಹೇಸರಗತ್ತೆಗಳ ಸಮೇತ ಮನಾಲಿಯಲ್ಲೇ ಏರ್ಪಾಡು ಮಾಡಿಕೊಂಡರೆ ಡೇರೆಯೂ ಅವರದೇ ಇರುತ್ತದೆ. ಮೊದಲ ಬಾರಿಗೆ ಪಾಸ್ ದಾಟುವವರು ಮಾರ್ಗದರ್ಶಕರಿಲ್ಲದೆ ಹೋಗಲೇಬಾರದು; ಮಂಜು ಮುಸುಕಿದರೆ ಪಾಸಿನ ಮೇಲೆ ದಾರಿ ಯಾವುದೆಂದು ತಿಳಿಯುವುದಿಲ್ಲ, ಶಿಯಾ ಗೋರುವಿನ ಬಳಿ ಹಿಮದ ನೀರಿನ ಹೊಳೆಯನ್ನು ಎಲ್ಲಿ ದಾಟಬೇಕೆಂಬುದು ಪ್ರತಿ ವರ್ಷ ಬದಲಾಗುತ್ತದೆ. ಆ ಹೊಳೆಗೆಂದೇ ಹಿಂದೆ ಪಟ್ಟಿಯಿರುವ ಚಪ್ಪಲಿಯೊಂದನ್ನು ಇಟ್ಟುಕೊಳ್ಳಿ, ಬರಿಗಾಲಲ್ಲಿ ಇಳಿದರೆ ಕಾಲು ಮರಗಟ್ಟಿ ಕಲ್ಲಿನ ಮೇಲೆ ಹಿಡಿತ ತಪ್ಪುತ್ತದೆ.

ಹಣ ಖರ್ಚು ಮಾಡುವುದಾದರೆ ಮಲಗುವ ಚೀಲಕ್ಕೆ ಮಾಡಿ. ಚೀಲದ ಮೇಲೆ ಎರಡು ಉಷ್ಣಾಂಶಗಳು ಮುದ್ರಿತವಾಗಿರುತ್ತವೆ. ಕಂಫರ್ಟ್ ಎಂದಿರುವುದನ್ನು ನೋಡಿ ಕೊಳ್ಳಬೇಕೇ ಹೊರತು ಲಿಮಿಟ್ ಎಂದಿರುವುದನ್ನಲ್ಲ, ಏಕೆಂದರೆ ಎರಡನೆಯದು ಮುದುಡಿಕೊಂಡು ಹೇಗೋ ರಾತ್ರಿ ನೂಕಬಹುದಾದ ಮಟ್ಟ. ಸೆಪ್ಟೆಂಬರಿಗೆ ಕಂಫರ್ಟ್ ಮೈನಸ್ 5 ಡಿಗ್ರಿ ಅಥವಾ ಅದಕ್ಕೂ ಕೆಳಗಿನದ್ದು ಬೇಕು. ಚೀಲದ ಕೆಳಗೆ ಹಾಸುವ ಫೋಮ್ ಚಾಪೆಯನ್ನು ಹಗುರವಾಗಿ ಕಾಣಬೇಡಿ, ಚಳಿ ಬರುವುದು ಮೇಲಿಂದಲ್ಲ, ನೆಲದಿಂದ. ಜೀನ್ಸ್ ಮನೆಯಲ್ಲೇ ಇರಲಿ, ಒದ್ದೆಯಾದರೆ ಒಣಗುವುದೇ ಇಲ್ಲ. ನಮ್ಮ ಅಜ್ಜಂದಿರು ದಸರಾ ವಸ್ತುಪ್ರದರ್ಶನದಿಂದ ತರುತ್ತಿದ್ದ ಮಂಕಿ ಕ್ಯಾಪಿಗೆ ಸಮನಾದದ್ದನ್ನು ಯಾವ ದುಬಾರಿ ಅಂಗಡಿಯಲ್ಲೂ ನಾನು ಕಂಡಿಲ್ಲ.

ಒಲೆಯ ಗ್ಯಾಸ್ ಡಬ್ಬಿಗಳನ್ನು ವಿಮಾನದಲ್ಲಿ ಕೈಚೀಲದಲ್ಲೂ ಬಿಡುವುದಿಲ್ಲ, ಸಾಮಾನಿನಲ್ಲೂ ಬಿಡುವುದಿಲ್ಲ. ರೈಲಿನಲ್ಲೂ ಅದು ನಿಷಿದ್ಧವೇ. ಒಲೆಯನ್ನಷ್ಟೇ ಒಯ್ದು ಡಬ್ಬಿಯನ್ನು ಮನಾಲಿಯಲ್ಲಿ ಕೊಳ್ಳಿ. ಸರೋವರದ ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುವುದರಿಂದ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸಲು ಕುಳಿತರೆ ಗ್ಯಾಸ್ ಮುಗಿಯುತ್ತದೆ, ಬೇಳೆ ಬೇಯುವುದಿಲ್ಲ. ಅಲ್ಲಿಯ ಅಡುಗೆಯವರೆಲ್ಲ ಕುಕ್ಕರ್ ಬಳಸುವುದು ಇದಕ್ಕಾಗಿಯೇ. ನೀವು ಹೊತ್ತೊಯ್ಯಬೇಕಾದದ್ದು ರಾಗಿ ಹುರಿಹಿಟ್ಟು. ಮೊದಲೇ ಹುರಿದು ಬೀಸಿದ ಹಿಟ್ಟಾದ್ದರಿಂದ ಬೇಯಿಸುವ ಗೋಜಿಲ್ಲ. ಬಿಸಿನೀರು, ಮಂಡ್ಯದ ಬೆಲ್ಲ ಬೆರೆಸಿದರೆ ಬೆಳಗಿನ ಊಟವಾಯಿತು. ಎತ್ತರದಲ್ಲಿ ಹಸಿವು ಸತ್ತುಹೋಗಿ ಅನ್ನ ಸೇರದಿದ್ದಾಗಲೂ ಇದು ಗಂಟಲಲ್ಲಿ ಇಳಿಯುತ್ತದೆ. ಜೊತೆಗೆ ಹುರಿಗಡಲೆ, ಚಿಕ್ಕಿ, ಒಂದಿಷ್ಟು ಕೋಡುಬಳೆ ಇದ್ದರೆ ಸಾಕು. ಮುದ್ದೆಯ ಆಸೆಯನ್ನು ಹಿಂದಿರುಗುವವರೆಗೆ ತಡೆದುಕೊಳ್ಳಿ. ಪ್ಲಾಸ್ಟಿಕ್ ಹೊದಿಕೆಗಳೆಲ್ಲವೂ ನಿಮ್ಮ ಚೀಲದಲ್ಲೇ ಮನಾಲಿಗೆ ಬರಬೇಕು.

ಅಭ್ಯಾಸಕ್ಕೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳಿಗಿಂತ ಒಳ್ಳೆಯದು ನಮ್ಮ ಸುತ್ತ ಇಲ್ಲ. ಆದರೆ ಹತ್ತಿ, ದರ್ಶನ ಮಾಡಿ, ಬಸ್ಸಿನಲ್ಲಿ ಇಳಿಯುವ ಪದ್ಧತಿ ಇಲ್ಲಿ ಉಪಯೋಗಕ್ಕೆ ಬಾರದು. ಬೆನ್ನಿಗೆ ಚೀಲ ಹೊತ್ತು ಮೆಟ್ಟಿಲಿನಲ್ಲೇ ಇಳಿದು, ಸಾಧ್ಯವಾದರೆ ಮತ್ತೆ ಹತ್ತಬೇಕು. ಹಂಪ್ತಾದ ಇಳಿಜಾರಿಗೆ ತೊಡೆ, ಮಂಡಿಗಳು ಸಿದ್ಧವಾಗುವುದು ಹಾಗೆಯೇ. ಮಂಡ್ಯದವರಿಗೆ ಕರಿಘಟ್ಟ, ಮೇಲುಕೋಟೆಯ ಯೋಗಾನರಸಿಂಹನ ಬೆಟ್ಟ, ಬಂಡೆಗಲ್ಲಿನ ಮೇಲೆ ಕಾಲೂರುವುದನ್ನು ಕಲಿಯಲು ಕುಂತಿಬೆಟ್ಟ. ಹೊಸ ಶೂಗಳನ್ನು ಈ ಅಭ್ಯಾಸದಲ್ಲೇ ಪಳಗಿಸಿಕೊಳ್ಳಿ.

ವೈದ್ಯೆ, ಸರಸ್ವತಿಪುರಂ, ಮೈಸೂರು

ಭಾವನವರ ಕುರಿತು ಕೇಳಿದ್ದಕ್ಕೆ: ಅವರು ಒಂದೆರಡು ರಾತ್ರಿ ಮನಾಲಿಯಲ್ಲಿ, ಮತ್ತೆರಡು ರಾತ್ರಿ ಸುರಂಗದ ಆಚೆ ಸುಮಾರು 3,100 ಮೀಟರಿನಲ್ಲಿರುವ ಸಿಸ್ಸುವಿನಲ್ಲಿ ತಂಗಿ, ಅನಂತರ ಛತ್ರುವಿನಲ್ಲಿ ನಿಮ್ಮನ್ನು ಕೂಡಿಕೊಂಡು ಸರೋವರ ನೋಡಿ, ರಾತ್ರಿ ಅಲ್ಲಿ ಮಲಗದೆ ಛತ್ರುವಿಗೆ ಇಳಿಯುವುದಾದರೆ, ಅವರ ವೈದ್ಯರು ಒಪ್ಪಿದಲ್ಲಿ, ನನ್ನ ಆಕ್ಷೇಪವಿಲ್ಲ. ಒಂಟಿಯಾಗಿ ಬಿಡಬೇಡಿ, ಮನೆಯವರು ಯಾರಾದರೂ ಜೊತೆಗಿರಲಿ.

ಸಕ್ಕರೆನಾಡಿನವ, ಮಂಡ್ಯ

ಅಕ್ಕನೇ ಜೊತೆಗೆ ಹೊರಡುವುದೆಂದು ತೀರ್ಮಾನವಾಯಿತು. ಐವರು ಆರು ಮಂದಿಯಾದೆವು. ತಿದ್ದಿದ ಯೋಜನೆ ಹೀಗಿದೆ. ಸೆಪ್ಟೆಂಬರ್ ಉತ್ತರಾರ್ಧ. ವಿಮಾನ ನಿಲ್ದಾಣಕ್ಕೆ ಮೈಸೂರಿನಿಂದ ಬರುವ ಫ್ಲೈಬಸ್, ದೆಹಲಿಯಿಂದ ಕಶ್ಮೀರಿ ಗೇಟಿನ ರಾತ್ರಿ ಬಸ್ಸು. ಮನಾಲಿಯಲ್ಲಿ ಎರಡು ರಾತ್ರಿ. ಬಳಿಕ ನಾವು ನಾಲ್ವರು ಮಾರ್ಗದರ್ಶಕರೊಂದಿಗೆ ಚಿಕಾ, ಬಾಲು ಕಾ ಘೇರಾ, ಶಿಯಾ ಗೋರು, ಛತ್ರುಗಳಲ್ಲಿ ಒಂದೊಂದು ರಾತ್ರಿ. ಭಾವ ಮತ್ತು ಅಕ್ಕ ಸಿಸ್ಸುವಿನಿಂದ ಎರಡನೆಯ ಗಾಡಿಯಲ್ಲಿ ಛತ್ರುವಿಗೆ ಬಂದು ಸೇರುತ್ತಾರೆ. ಸರೋವರದ ಶಿಬಿರದಲ್ಲಿ ನಮಗೆ ಎರಡರ ಬದಲು ಒಂದೇ ರಾತ್ರಿ. ಮರುದಿನ ಮನಾಲಿಗೆ ವಾಪಸು, ಅದೇ ರಾತ್ರಿ ದೆಹಲಿ ಬಸ್ಸು, ಬೆಳಿಗ್ಗೆ ವಿಮಾನ.

ಕುಂತಿಬೆಟ್ಟ, ಪಾಂಡವಪುರ

ಕೊನೆಯ ಸಾಲನ್ನು ಬಿಟ್ಟು ಉಳಿದೆಲ್ಲವೂ ಸರಿಯಾಗಿದೆ. ಚಂದ್ರತಾಲದಿಂದ ಹೊರಟ ದಿನವೇ ರಾತ್ರಿ ಬಸ್ಸು, ಮರುದಿನ ಬೆಳಿಗ್ಗೆ ವಿಮಾನ ಎಂದಿಟ್ಟುಕೊಂಡರೆ, ಒಂದು ನಾಲಾ ಉಕ್ಕಿದರೂ ಅಥವಾ ಮಂಡಿ ಪಟ್ಟಣದ ಬಳಿ ಒಂದು ಗುಡ್ಡ ಜಾರಿದರೂ ಟಿಕೆಟ್ಟು ಹೋಯಿತು. ಟಿಕೆಟ್ಟಿನ ಚಿಂತೆ ತಲೆಯಲ್ಲಿದ್ದರೆ, ತಲೆನೋವಿದ್ದವರೂ ನನಗೇನೂ ಆಗಿಲ್ಲ ಎನ್ನುತ್ತಾರೆ, ಮಾರ್ಗದರ್ಶಕರು ಬೇಡವೆಂದರೂ ಪಾಸ್ ಹತ್ತೋಣ ಎನ್ನುತ್ತಾರೆ. ಎರಡು ದಿನ ಖಾಲಿ ಬಿಡಿ: ಒಂದನ್ನು ಬಾಲು ಕಾ ಘೇರಾದಲ್ಲಿ ಹವೆ ಕೆಟ್ಟರೆ ಅಥವಾ ಯಾರಿಗಾದರೂ ತಲೆನೋವು ಬಂದರೆ ನಿಲ್ಲಲು, ಇನ್ನೊಂದನ್ನು ಮನಾಲಿಯಲ್ಲಿ. ಎರಡೂ ಬಳಕೆಯಾಗದೆ ಉಳಿದರೆ ಮನಾಲಿಯಿಂದ ನಗ್ಗರ್‌ವರೆಗೆ ಸೇಬಿನ ತೋಟಗಳ ನಡುವೆ ಅಡ್ಡಾಡಿ ಬನ್ನಿ, ಸೆಪ್ಟೆಂಬರಿನಲ್ಲಿ ಕೊಯ್ಲು ನಡೆದಿರುತ್ತದೆ. ಛತ್ರುವಿಗೆ ಬರುವ ಎರಡನೆಯ ಗಾಡಿಯ ಚಾಲಕರೊಂದಿಗೆ ದಿನಾಂಕವನ್ನು ಮಾತ್ರವಲ್ಲ, ನೀವು ಒಂದು ದಿನ ತಡವಾಗಿ ಇಳಿದರೆ ಅವರು ಏನು ಮಾಡಬೇಕೆಂಬುದನ್ನೂ ಮನಾಲಿಯಲ್ಲೇ ಗೊತ್ತುಮಾಡಿಕೊಳ್ಳಿ, ಏಕೆಂದರೆ ಶಿಯಾ ಗೋರುವಿನಿಂದ ಅವರಿಗೆ ಫೋನ್ ಮಾಡಲು ನಿಮಗೆ ಸಾಧ್ಯವಾಗುವುದಿಲ್ಲ.